ಜೋಡಿಗೆರೆ

ಶಿವಮೊಗ್ಗದ ಆಸ್ಪತ್ರೆ, ಮೂರನೆಯ ಮಹಡಿ,
ಲಿಫ್ಟು ಕೆಟ್ಟ ದಿನ.
ಹಾಲಮ್ಮ ಮೆಟ್ಟಿಲು ಹತ್ತಿ ಬಂದಳು, ಏದುಸಿರು,
ಕಂಕುಳಲ್ಲಿ ಸ್ಟೀಲಿನ ಫ್ಲಾಸ್ಕು.
‘ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿದವಳು ನೀನೇನಾ?’
ಬಯ್ಯಲು ಬಂದಳು ಅಂದುಕೊಂಡೆ.

ನಾನೇ.
ಹುಟ್ಟಿದ ಎರಡನೆಯ ದಿನ, ಎಡಗಾಲು,
ಕಾಗದದ ಮೇಲೆ ಐದು ಹನಿ, ಕುಂಕುಮದ ಬೊಟ್ಟಿನಷ್ಟು.
ನೆರಳಲ್ಲಿ ಒಣಗಿಸಿ, ಲಕೋಟೆಗೆ ಹಾಕಿ,
ಬೆಂಗಳೂರಿನ ರಾತ್ರಿ ಬಸ್ಸಿಗೆ ಕೊಟ್ಟವಳು.
ಅಲ್ಲೊಂದು ಯಂತ್ರ ಮಗುವನ್ನು ಮೊದಲಿಂದ ಕೊನೆಯವರೆಗೆ ಓದುತ್ತದೆ,
ಮುನ್ನೂರು ಕೋಟಿ ಅಕ್ಷರ.
ಹೆಸರು ಮಾತ್ರ ಅದಕ್ಕೆ ಗೊತ್ತಿಲ್ಲ.
ಲಕೋಟೆಯ ಮೇಲೆ ‘ಪಲ್ಲವಿಯ ಮಗು, ಹೆಣ್ಣು’. ಅಷ್ಟೇ.

ಅದು ಓದಿ ಮುಗಿಸುವುದರೊಳಗೆ ನನ್ನದೊಂದು ಕೆಲಸ ಬಾಕಿ,
ವಂಶದ ನಕ್ಷೆ.
ಕೆಳಗಿಳಿದು ಪಲ್ಲವಿಯ ಮಂಚದ ತುದಿಗೆ ಕೂತೆ.
‘ಚೌಕ ಅಂದರೆ ಗಂಡು, ಸೊನ್ನೆ ಅಂದರೆ ಹೆಣ್ಣು.’
‘ಅಲ್ಲೂ ನಮಗೆ ಸೊನ್ನೆಯಾ?’ ಅಂದಳು ಮುದುಕಿ.
ಪಲ್ಲವಿ ನಕ್ಕಳು, ಹೊಲಿಗೆ ನೋಯದಂತೆ ಹೊಟ್ಟೆ ಹಿಡಿದುಕೊಂಡು.

‘ಗಂಡ ಹೆಂಡತಿ ಮೊದಲೇ ಸಂಬಂಧವೇ?’
‘ಸಂಬಂಧ ಇಲ್ಲದವರಿಗೆ ಯಾರಮ್ಮ ಹೆಣ್ಣು ಕೊಡ್ತಾರೆ?
ಹಾಲೇಶ ನನ್ನ ಮಗ. ಇವಳು ನನ್ನ ಮಗಳ ಮಗಳು.’
‘ನಿಮ್ಮ ಯಜಮಾನರು?’
‘ಸೋದರತ್ತೆಯ ಮಗ.’

ಒಂದು ಗೆರೆ ಎಳೆಯುವಲ್ಲಿ ಎರಡೆಳೆದೆ.
ಪುಸ್ತಕದ ನಿಯಮ: ರಕ್ತ ಹಂಚಿಕೊಂಡವರಿಗೆ ಜೋಡಿಗೆರೆ.
ಈ ಮಗು ಹಾಲಮ್ಮನಿಗೆ ಒಂದು ದಾರಿಯಲ್ಲಿ ಮೊಮ್ಮಗಳು,
ಇನ್ನೊಂದು ದಾರಿಯಲ್ಲಿ ಮರಿಮಗಳು.
ರಬ್ಬರು ಸವೆಯಿತು.

‘ಎಷ್ಟು ಹೆತ್ತಿರಿ?’
‘ಉಳಿದದ್ದು ಎರಡು.’
ಕಾದೆ.
‘ಹೋದವು ಎರಡು. ಒಂದು ಒಂಬತ್ತು ದಿನ, ಒಂದು ಹನ್ನೊಂದು.
ಹೆಸರಿಟ್ಟಿರಲಿಲ್ಲ. ದೃಷ್ಟಿ ಅಂದರು, ಇನ್ನೇನೋ ಅಂದರು.
ಮೊಲೆ ಬಾಯಿಗಿಟ್ಟರೆ ಮುಖ ತಿರುವುತ್ತಿದ್ದವು.
ವಾಸನೆ ಮಾತ್ರ, ಏನು ಹೇಳಲಿ,
ಬಟ್ಟೆ ಹಿಂಡಿದರೆ ಆಲೆಮನೆ.
ಕೊಪ್ಪರಿಗೆ ತಳ ಹಿಡಿದಾಗ ಬರುತ್ತಲ್ಲ, ಆ ಪಾಕ.
ಸಿಹಿ ಮಗು, ದೇವರಿಗೇ ಬೇಕಾಯ್ತು ಅಂದರು ಊರವರು.’

ಆಮೇಲೆ ತಡೆದು, ಫ್ಲಾಸ್ಕಿನ ಮುಚ್ಚಳ ತಿರುವುತ್ತಾ:
‘ಬೆಳಿಗ್ಗೆ ಇದರ ಕಿವಿ ಮೂಸಿದೆ.
ಅದಕ್ಕೇ ಮೆಟ್ಟಿಲು ಹತ್ತಿದ್ದು.’

ನಾನೂ ಮೂಸಿದೆ.
ಹದಿನಾರು ವರ್ಷದ ಡೆಟಾಲು ತುಂಬಿದ ಮೂಗು ನನ್ನದು,
ಏನೂ ಸಿಗಲಿಲ್ಲ. ಮತ್ತೆ ಮೂಸಿದೆ.
ಗುಗ್ಗೆಯ ಆಚೆ, ಎಲ್ಲೋ,
ಕಬ್ಬು ಅರೆಯುವ ಕಾಲದ ಹೊಳೆಹೊನ್ನೂರು ರಸ್ತೆ.

ಡಾಕ್ಟರಿಗೆ ಏನೆಂದು ಹೇಳುವುದು? ಅಜ್ಜಿಯ ಮೂಗು ಹೀಗೆನ್ನುತ್ತದೆ ಅಂತಲೇ?
ಹಾಗೇ ಹೇಳಿದೆ.
ಅವರು ನಗಲಿಲ್ಲ. ಕುರ್ಚಿಯಿಂದ ಎದ್ದರು.
ಹಾಲು ನಿಲ್ಲಿಸಿ ಅಂದರು, ತಾಯಿಯದೂ.
ನರಕ್ಕೆ ಸಕ್ಕರೆ ನೀರು, ಹನಿ ಹನಿ.
ಹಾಲು ವಿಷವಾದೀತೆಂದು ನಂಬಲು
ಹಾಲಮ್ಮನೆಂಬ ಹೆಸರು ಹೊತ್ತವಳಿಗೆ ಒಂದು ರಾತ್ರಿ ಹಿಡಿಯಿತು.
ಪಲ್ಲವಿ ಬಚ್ಚಲಲ್ಲಿ ನಿಂತು ಎದೆ ಹಿಂಡಿ ಚೆಲ್ಲಿದಳು,
ನಲ್ಲಿ ಬಿಟ್ಟುಕೊಂಡು, ಶಬ್ದ ಕೇಳಿಸದಿರಲೆಂದು.

ವರದಿ ಬಂದದ್ದು ಒಂಬತ್ತನೆಯ ದಿನ, ಹದಿನಾಲ್ಕು ಪುಟ.
ತಪ್ಪಿದ್ದು ಒಂದು ಅಕ್ಷರ. ಎರಡೂ ಕಡೆಯಿಂದ ಅದೇ ಅಕ್ಷರ.
‘ಹಾಗಾದರೆ ತಪ್ಪು ಯಾರದ್ದು?’ ಹಾಲೇಶ ಕೇಳಿದ.
ಆ ಕಾಲಮ್ಮು ನಮ್ಮ ಫಾರಮ್ಮಿನಲ್ಲಿಲ್ಲ ಅಂದೆ.
ಸಮಾಧಾನವಾಯಿತೋ ಇಲ್ಲವೋ,
ಬೇರೆ ಹಾಲಿನಪುಡಿ, ಡಬ್ಬಿಯ ಬೆಲೆ ಕೇಳಿ
ಹೊರಗೆ ಹೋಗಿ ಸ್ಕೂಟರಿನ ಪಕ್ಕ ತುಂಬಾ ಹೊತ್ತು ನಿಂತ.
ಮುಂದೆ ಆ ಹುಡುಗಿಗೆ ಬೇಳೆ ಚಮಚದಲ್ಲಿ,
ಅನ್ನ ತಕ್ಕಡಿಯಲ್ಲಿ, ಬದುಕಿರುವಷ್ಟು ಕಾಲ.

ಹಾಲಮ್ಮ ನಕ್ಷೆ ಕೇಳಿ ಪಡೆದಳು.
ಗೀಟು ಹೊಡೆದ ಎರಡು ಆಕಾರಗಳ ಮೇಲೆ ಬೆರಳಿಟ್ಟು
‘ಇವಕ್ಕೂ ಇದೇನಾ?’
ಇರಬಹುದು ಅಂದೆ.
‘ನಲವತ್ತು ವರ್ಷ, ನನ್ನ ಹಾಲೇ ಸರಿಯಿರಲಿಲ್ಲ ಅಂದುಕೊಂಡಿದ್ದೆ.’

ಈಗ ಪ್ರತಿ ಮಗುವಿನ ಫಾರಮ್ಮಿನ ಅಂಚಿನಲ್ಲಿ
ನಾನೇ ಪೆನ್ನಿನಲ್ಲಿ ಒಂದು ಪದ ಸೇರಿಸುತ್ತೇನೆ: ವಾಸನೆ?
ಇದೇನು ಅಂತ ಮೇಲಿನವರು ಕಳೆದ ತಿಂಗಳು ಕೇಳಿ ಬರೆದರು.
ಇನ್ನೂ ಉತ್ತರ ಕೊಟ್ಟಿಲ್ಲ.